ಹನ್ನೊಂದು ಅಂಕೆಯ ಹಾರ

ಊಟವಾದ ಮೇಲೆ ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಎಲೆಅಡಿಕೆ ಹಾಕಿಕೊಂಡು ಅಡ್ಡಾಗುತ್ತಾರೆ. ನಾನು ದೊಡ್ಡದೊಂದು ಸಂಖ್ಯೆ ಹಿಡಿದು ಒಡೆಯುತ್ತ ಕೂರುತ್ತೇನೆ. ಕರೆಂಟ್ ಬಿಲ್ಲಿನ ಹಿಂಬದಿ, ಒಂದು ತುಂಡು ಪೆನ್ಸಿಲ್, ಇಷ್ಟಿದ್ದರೆ ಸಾಕು. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ, ಅದು ಉತ್ತರ ಹೇಳಿ ಆಟ ಕೆಡಿಸುತ್ತದೆ.

ಎಷ್ಟು ಸಲ ಒಡೆದರೂ ಬೇಸರವಾಗದ್ದು 12345654321. ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ ಚಿಲ್ಲರೆ! ಒಂಬತ್ತನೇ ಶತಮಾನದ ಮಹಾವೀರಾಚಾರ್ಯ, ನಮ್ಮ ನೃಪತುಂಗನನ್ನು ಹೊಗಳಿರುವ ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಇದನ್ನು ಗುಣಾಕಾರದ ಲೆಕ್ಕವಾಗಿ ಕೊಟ್ಟಿದ್ದಾನೆ. ಹಿಂದುಮುಂದು ಒಂದೇ ಆಗಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳು ಅವನಿಗೆ ಕೊರಳ ಹಾರಗಳು.

ಒಡೆಯಲು ಕೂತರೆ ಮೊದಲು ಅಂಕೆ ಕೂಡಬೇಕು: 36. ಹಾಗಾದರೆ 9ರಿಂದ ಭಾಗವಾಗುತ್ತದೆ. ಆಮೇಲೆ ಒಂದು ಬಿಟ್ಟು ಒಂದು ಅಂಕೆ ಕೂಡಿದರೆ ಆ ಕಡೆ 18, ಈ ಕಡೆ 18. ಅಂದರೆ 11 ಕೂಡ ಒಳಗಿದೆ. ಹೀಗೆ ಬಿಡಿಸುತ್ತ ಹೋದರೆ 3, 7, 11, 13, 37, ಐದೂ ಅವಿಭಾಜ್ಯಗಳು, ಒಂದೊಂದೂ ಎರಡೆರಡು ಸಲ. ಇದು 111111ರ ವರ್ಗ. ವರ್ಗಸಂಖ್ಯೆಗೆ ಮಾತ್ರ ಭಾಜಕಗಳ ಎಣಿಕೆ ಬೆಸವಾಗಿರುತ್ತದೆ. ಇದಕ್ಕೆ ಸರಿಯಾಗಿ 243.

ಆದರೆ ಆಚಾರ್ಯ ಗಟ್ಟಿಗ. 111111ನ್ನು ಅದರಿಂದಲೇ ಗುಣಿಸು ಅಂದಿದ್ದರೆ ಶಿಷ್ಯನಿಗೆ ಗುಟ್ಟು ಮೊದಲೇ ತಿಳಿದುಬಿಡುತ್ತಿತ್ತು. ಅವನು ಕೊಟ್ಟದ್ದು 27994681ನ್ನು 441ರಿಂದ ಗುಣಿಸುವ ಲೆಕ್ಕ. 3 ಮತ್ತು 7ರ ವರ್ಗಗಳನ್ನು ಒಂದು ಕಡೆ ಕಟ್ಟಿ, ಮಿಕ್ಕದ್ದನ್ನೆಲ್ಲ ಇನ್ನೊಂದು ಕಡೆ ತುಂಬಿದ್ದಾನೆ. ಆ ಒರಟು ಎಂಟಂಕಿಯನ್ನು ನೋಡಿದರೆ ಒಳಗೆ ಹಾರವಿದೆ ಅಂತ ಯಾರಿಗೆ ಅನಿಸೀತು? ಗಣಿತದ ಮೇಷ್ಟರಿಗೆ ಇಷ್ಟು ತುಂಟತನ ಇರಲೇಬೇಕು ಅನ್ನುವವನು ನಾನು.

ಹಾರದ ಆಕಾರಕ್ಕೆ ಕಾರಣ ಸರಳ. 111111ರ ಆರು ಸಾಲುಗಳನ್ನು ಒಂದೊಂದು ಮನೆ ಜರುಗಿಸಿ ಬರೆದು ಕೂಡಿ: ತುದಿಯಲ್ಲಿ ಒಂದೇ ಒಂದು, ನಡುವೆ ಆರು ಒಂದುಗಳು. ಒಂಬತ್ತು ಒಂದುಗಳವರೆಗೂ ಹೀಗೇ. ಹತ್ತಾದರೆ ನಡುಮನೆಯ ದಶಕ ಪಕ್ಕಕ್ಕೆ ಏರಿ ಹಾರ ಹರಿಯುತ್ತದೆ: 1234567900987654321. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಕಾಪ್ರೇಕರ್ (1905–1986) ಈ ವಂಶಕ್ಕೆ ಡೆಮ್ಲೋ ಸಂಖ್ಯೆಗಳು ಅಂತ, ಒಂದು ರೈಲು ನಿಲ್ದಾಣದ ಹೆಸರಿಟ್ಟರು.

ಮುಂದಿನ ಹಾರ 1234567654321, ಏಳು ಒಂದುಗಳ ವರ್ಗ. ಹೊರಗೆ ಅಣ್ಣತಮ್ಮಂದಿರ ಹೋಲಿಕೆ. ಒಳಗೆ 3 ಇಲ್ಲ, 7 ಇಲ್ಲ, 11 ಇಲ್ಲ. ಭಾಜಕಗಳು ಬರೀ ಒಂಬತ್ತು. ಇಲ್ಲಿ ಕಂಡಕಂಡ ಅವಿಭಾಜ್ಯಗಳಿಂದ ಭಾಗಿಸುತ್ತ ಕೂರಬೇಕಿಲ್ಲ, 14ರಿಂದ ಭಾಗಿಸಿದರೆ ಶೇಷ 1 ಉಳಿಯುವವನ್ನು ಮಾತ್ರ ನೋಡಿದರಾಯಿತು. 29, 43, 71, 113, 127, 197, 211 ಎಲ್ಲ ಕೈಕೊಡುತ್ತವೆ. ಎಂಟನೆಯದು 239. ಶೇಷ ಸೊನ್ನೆ, ಜೊತೆಗೆ 4649.