ಒಪ್ಪಿಗಿ ಯಾವುದು, ಬಿಡೂದು ಯಾವುದು

ಅಪ್ಪ ಹೋಗಿ ವರ್ಷದ ಮ್ಯಾಲ ಆತು. ಮೂಡಲಗಿ ಕಡೆ ಇರೂ 6 ಎಕರೆ 20 ಗುಂಟೆ ಹೊಲ ಇನ್ನೂ ಅವನ ಹೆಸರಿನಲ್ಲೇ ಇತ್ತು. ಕಬ್ಬಿನ ಸಾಲಕ್ಕ ಬ್ಯಾಂಕಿನವರು ಉತಾರ ಕೇಳಿದಾಗ ಅಣ್ಣ ಓಡಾಡಿ ಒಂದು ಕಾಗದ ಮಾಡಿಸಿದ. ಹುಕ್ಕೇರಿ ಅಕ್ಕನ ಸಹಿ ಮದಲ ಆತು. ಆಮ್ಯಾಲ ಗೋಕಾಕಕ್ಕ ನನ್ನ ಮನಿಗೆ ಬಂದ. ನಾ ರೊಟ್ಟಿ ಬಡಿಯಾಕ ಕುಂತಿದ್ದೆ, ಕೈ ತುಂಬ ಹಿಟ್ಟು.

“ಗಡಿಬಿಡಿ ಇಲ್ಲವಾ. ಸಣ್ಣಾಕಿ ಮಗಳದೂ ಸಹಿ ಬೇಕು. ಆಕಿಗೆ ಕನ್ನಡ ಓದಾಕ ಬರೂದಿಲ್ಲ. ನೀನ ಇಂಗ್ಲಿಷಿನ್ಯಾಗ ಬರದು ಕಳಸು, ಇಬ್ಬರದೂ ಕೂಡೇ ತಗೋತೀನಿ” ಅಂದು ಚಹಾ ಕುಡದು ಹೋದ.

ಸಣ್ಣಾಕಿ ಅಂದ್ರ ನನ್ನ ತಂಗಿ. ಅಪ್ಪನಕಿಂತ ಮದಲ ಹೋದ್ಲು. ಆಕಿ ಮಗಳು ಹುಟ್ಟಿ ಬೆಳದದ್ದೆಲ್ಲಾ ಪುಣೆದಾಗ. ಮನಿಯಾಗ ಕನ್ನಡ ಮಾತಾಡ್ತಾಳ, ಅಕ್ಷರ ಗೊತ್ತಿಲ್ಲ. ನಾ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸಿದಾಕಿ, ಒಂದು ಪುಟದ ಕಾಗದ ಏನ ದೊಡ್ಡದು ಅಂತ ಊಟ ಆದ ಮ್ಯಾಲ ಕುಂತೆ. ಮೂರು ರಾತ್ರಿ ಹಿಡೀತು.

ಮದಲನೇ ತ್ರಾಸು ಮಗ ತಂದಿಟ್ಟ. ಕಾಗದದಾಗ “ಮೃತರು ಯಾವುದೇ ಮೃತ್ಯುಪತ್ರ ಮಾಡಿರುವುದಿಲ್ಲ” ಅಂತ ಇತ್ತು. ಅವ ಹಿಂದಿನಿಂದ ಬಗ್ಗಿ ನೋಡಿ, ಮೃತ್ಯುಪತ್ರ ಅಂದ್ರ ಡೆತ್ ಸರ್ಟಿಫಿಕೇಟ್ ಅಂದ. ಹಂಗ ಬರದಿದ್ರ ‘ಸತ್ತವರು ತಮ್ಮ ಡೆತ್ ಸರ್ಟಿಫಿಕೇಟ್ ಮಾಡಿಸಿಲ್ಲ’ ಅಂತ ಆಗತಿತ್ತು! ಇಬ್ಬರೂ ನಕ್ಕು ನಕ್ಕು ಸಾಕಾತು. ಮೃತ್ಯುಪತ್ರ ಅಂದ್ರ ವಿಲ್. ಮೈಸೂರು ಕಡೆಯವರು ಉಯಿಲು ಅಂತಾರ, ಹಳೇ ಕಾಗದದಾಗ ಮರಣಶಾಸನ ಅಂತನೂ ಇರತೈತಿ. ಸತ್ತ ಮ್ಯಾಲ ಸರ್ಕಾರ ಕೊಡೂದು ಮರಣ ಪ್ರಮಾಣಪತ್ರ. ಒಂದು ಬದುಕಿದ್ದಾಗ ನಾವು ಬರಿಯೂದು, ಇನ್ನೊಂದು ನಾವು ಹೋದ ಮ್ಯಾಲ ಮಂದಿ ಬರಿಯೂದು. ಎರಡರಾಗೂ ಸಾವಿನ ಹೆಸರೈತಿ, ಅಷ್ಟಽ.

ಹಿಸ್ಸಾ ಅನ್ನೂ ಶಬ್ದಾನೂ ಹಂಗ. ಮನಿಯಾಗ ಹಿಸ್ಸೆ ಅಂದ್ರ ಪಾಲು. ಕಾಗದದಾಗ ಸರ್ವೆ ನಂಬರಿನ ಮುಂದ ‘ಹಿಸ್ಸಾ 2’ ಅಂತಿದ್ರ ಅದು ಯಾರ ಪಾಲೂ ಅಲ್ಲ, ಆ ನಂಬರನ್ನ ಮೋಜಣಿ ಮಾಡಿ ತುಂಡು ಮಾಡಿದಾಗ ಬಿದ್ದ ತುಂಡಿನ ನಂಬರು. ನಾನೇ ಮದಲ ‘ಶೇರ್’ ಅಂತ ಬರದು ಆಮ್ಯಾಲ ಕಾಟ ಹೊಡದೆ. ನಮ್ಮ ಬೆಳಗಾವಿ ಜಿಲ್ಲೆ 1956ರ ತನಕ ಮುಂಬೈ ರಾಜ್ಯದಾಗ ಇತ್ತಲ್ಲ, ಅದಕ್ಕಽ ಉತಾರ, ವಾಟ್ನಿ, ಬಕ್ಷೀಸಪತ್ರ ಅಂತ ಮರಾಠಿ ಶಬ್ದ ನಮ್ಮ ಕಾಗದದಾಗ ಇನ್ನೂ ಕುಂತಾವ. ಬೆಂಗಳೂರಿನವರಿಗೆ ಪಹಣಿ, ವಿಭಾಗಪತ್ರ, ದಾನಪತ್ರ ಅಂದ್ರಽ ತಿಳಿಯೂದು.

ಇವೆಲ್ಲಾ ನಗೂ ಮಾತು. ಮೂರನೇ ರಾತ್ರಿ ನಗು ಬರಲಿಲ್ಲ.

ಕಾಗದದ ತಲಿಮ್ಯಾಲ ದಪ್ಪ ಅಕ್ಷರದಾಗ ‘ಸಮ್ಮತಿ ಪತ್ರ’ ಅಂತ ಇತ್ತು. ಅದನ್ನ ಕನ್ಸೆಂಟ್ ಅಂತ ಬರದೆ. ಅಣ್ಣ ಹೇಳಿದ್ದೂ ಅದನ್ನಽ, ‘ವಾರಸಾ ಮಾಡಸಾಕ ನಿಮ್ಮ ಸಮ್ಮತಿ’. ಕೆಳಗ ಬಂದ್ರ, “ಸದರಿ ಜಮೀನಿನಲ್ಲಿಯ ನಮ್ಮ ಹಕ್ಕನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟು ಸಮ್ಮತಿಸಿರುತ್ತೇವೆ” ಅಂತ ಒಂದು ಸಾಲು. ಕನ್ನಡದಾಗ ಓದುವಾಗ ನಾಕ ಸಲ ಅದರ ಮ್ಯಾಲ ಹಾದು ಹೋಗಿದ್ದೆ, ಏನೂ ಅನಿಸಿರಲಿಲ್ಲ. ಬಿಟ್ಟುಕೊಟ್ಟು, ಸಮ್ಮತಿಸಿ, ಎರಡೂ ಒಳ್ಳೇ ಮನಿತನದ ಹೆಣ್ಣಮಕ್ಕಳ ಮಾತಿನಂಗ ಕೇಳ್ತಾವ. ಇಂಗ್ಲಿಷಿನ್ಯಾಗ ಬರಿಯಾಕ ಹೋದಾಗ ಪೆನ್ನು ನಿಂತ್ತು. ಕನ್ಸೆಂಟ್ ಅಂತ ಬರದ್ರ ಬಿಟ್ಟುಕೊಟ್ಟದ್ದು ಎಲ್ಲಿ ಹೋತು? ರಿಲೀಸ್ ಅಂತ ಬರದ್ರ ತಲಿಮ್ಯಾಲಿನ ಹೆಸರು ಸುಳ್ಳು.

ಮರುದಿನ ಪರಿಚಯದ ಒಬ್ಬ ವಕೀಲಬಾಯಿ ಹತ್ರ ಹೋದೆ. ಅವರು ಕಾಗದ ನೋಡಿ ಹೇಳಿದ್ದು ಇಷ್ಟು. ವಾರಸಾ ಅಂದ್ರ ಸತ್ತವರ ಹೆಸರು ತಗದು ವಾರಸದಾರರ ಹೆಸರು ಹಚ್ಚೂದು. ಅದಕ್ಕ ವರ್ದಿ ಕೊಡತಾರ, ನೋಟೀಸು ಆಗತೈತಿ, ತಕರಾರಿಗೆ ಒಂದಿಷ್ಟು ದಿನ ಇರತೈತಿ. ಎಲ್ಲಾರ ಹೆಸರು ಹಚ್ಚಾಕ ಯಾರೂ ಹಕ್ಕು ಬಿಡಬೇಕಾಗಿಲ್ಲ. ಹಕ್ಕು ಬಿಡುಗಡೆ ಪತ್ರ ಬ್ಯಾರೇನಽ. ಅದು ಪಾಲಿದ್ದವರು ಇನ್ನೊಬ್ಬ ಪಾಲುದಾರನ ಸಲುವಾಗಿ ತಮ್ಮ ಪಾಲು ಬಿಡೂದು. ಬಕ್ಷೀಸಪತ್ರ ಆದ್ರ ಹೊರಗಿನವರಿಗೂ ಕೊಡಬಹುದು. ವಾಟ್ನಿ ಅಂದ್ರ ಬಿಡೂದೂ ಅಲ್ಲ, ಕೊಡೂದೂ ಅಲ್ಲ, ಇದ್ದದ್ದನ್ನ ಹಂಚಿಕೊಳ್ಳೂದು.

ನಮ್ಮ ಹೊಲ ಹಿರೇರದಲ್ಲ, ಅಪ್ಪ ಖರೀದಿ ಮಾಡಿದ್ದು. ಮೃತ್ಯುಪತ್ರ ಇಲ್ಲ, ಅವ್ವಾನೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆದಾಗಽ ಇಂಥಾ ಆಸ್ತಿಗೆ ಮಗ, ಮಗಳು ಸಮ. ಮದಲ ತೀರಿದ ಮಗಳ ಮಕ್ಕಳಿಗೂ ಆಕಿ ಪಾಲು. (2005ರ ತಿದ್ದುಪಡಿ ಅಂತ ಎಲ್ಲಾರೂ ಹೇಳತಾರಲ್ಲ, ಅದು ಹಿರೇರ ಆಸ್ತಿದಾಗ ಹೆಣ್ಣಮಕ್ಕಳಿಗೆ ಹುಟ್ಟಿನಿಂದಽ ಹಕ್ಕು ಕೊಟ್ಟದ್ದು.) ಲೆಕ್ಕ ಹಾಕಿದ್ರ ಒಬ್ಬೊಬ್ಬರಿಗೆ 1 ಎಕರೆ 25 ಗುಂಟೆ. ಆ ಹುಡುಗಿ ಒಂದು ಸಹಿದಾಗ ಬಿಡೂದು ಅಷ್ಟು.

ರಾತ್ರಿ ಆಕಿಗೆ ಫೋನ್ ಮಾಡಿದೆ. ಇದು ಕನ್ಸೆಂಟ್ ಅಲ್ಲವಾ, ರಿಲೀಸ್ ಅಂದೆ. ಆಕಿಗೆ ಏನೂ ಅನಿಸಲಿಲ್ಲ. “ಸಿನಿಮಾ ರಿಲೀಸಿನಂಗೇನು ದೊಡ್ಡವ್ವ?” ಅಂದ್ಲು. ರಿಲಿಂಕ್ವಿಷ್‌ಮೆಂಟ್ ಅಂದೆ, ಅದೂ ದೊಡ್ಡ ಶಬ್ದ ಆಗಿ ಹಾದು ಹೋತು. ಕಡೀಕ ನಮ್ಮ ಹುಕ್ಕೇರಿ, ಸಂಕೇಶ್ವರದ ಕಡೆ ಅನ್ನೂದು ನೆನಪಾಗಿ “ಹಕ್ಕಸೋಡ ಪತ್ರ” ಅಂದೆ. ಪುಣೆದಾಗ ಬೆಳದಾಕಿ, ಗಪ್ಪನ ಸುಮ್ಮನಾದ್ಲು. “ಮಾಮಾ ನನಗ ಹಕ್ಕಸೋಡ ಅಂತ ಹೇಳಲಿಲ್ಲಲ್ಲ” ಅಂದ್ಲು.

ಮೂರು ರಾತ್ರಿ ಇಂಗ್ಲಿಷ್ ಹುಡುಕಿದೆ. ಆಕಿಗೆ ತಿಳದದ್ದು ಮರಾಠಿದಾಗ.

ಅಣ್ಣ ಮೋಸಗಾರ ಅಲ್ಲ, ಇದನ್ನ ಓದಿದವರು ಹಂಗ ತಿಳಕೋಬ್ಯಾಡ್ರಿ. ಅಪ್ಪನ ದವಾಖಾನಿ ಖರ್ಚೆಲ್ಲಾ ಅವನಽ ಮಾಡ್ಯಾನ. ನಾಕ ಹೆಸರು ಉತಾರದಾಗ ಬಂದ್ರ ಪ್ರತಿ ಸಲ ಸಾಲಕ್ಕ ನಾಕ ಮಂದಿ ಸಹಿ, ಪುಣೆದಿಂದ ಒಬ್ಬಾಕಿ ಬರಬೇಕು, ಅದೂ ಖರೇನಽ. “ಬರಿಯಾಂವ ಬರದಾನ, ನಾ ಎಲ್ಲಿ ಓದೀನಿ?” ಅಂದ. ಓದಿಲ್ಲ ಅನ್ನೂದು ನನಗೂ ನಂಬಿಕಿ ಐತಿ. ಆದ್ರ ಬರಿಯಾಂವಗ ಹಿಂಗ ಬರಿ ಅಂತ ಯಾರು ಹೇಳಿದ್ರು ಅಂತ ನಾ ಕೇಳಲಿಲ್ಲ, ಅವ ಹೇಳಲಿಲ್ಲ. “ಬೇಕಂದ್ರ ಬಾಯಿಬಿಟ್ಟು ಕೇಳು, ನಾವು ಬಿಟ್ಟು ಕೊಡಬಹುದು. ಸಮ್ಮತಿ ಅಂತ ಹೆಸರಿಟ್ಟು ತಗೋಬ್ಯಾಡ” ಅಂದೆ. ಆ ದಿನ ಚಹಾ ಕುಡೀದಽ ಹೋದ.

ಹದಿನೈದು ದಿನ ಮಾತಿಲ್ಲ. ಆಮ್ಯಾಲ ಅವನಽ ನಾಕೂ ಹೆಸರು ಹಾಕಿ ವಾರಸಾ ವರ್ದಿ ಕೊಟ್ಟ. ತಂಗಿ ಮಗಳು ಒಂದಽ ಕೇಳಿದ್ದು, “ಉತಾರದಾಗ ಅವ್ವನ ಹೆಸರು ಬರತೈತೇನು?” ಅಂತ. ಇಲ್ಲವಾ, ನಿನ್ನ ಹೆಸರು ಬರತೈತಿ, ಆಕಿ ಹೆಸರು ವಂಶಾವಳಿದಾಗ ಐತಿ ಅಂದೆ. ಅದರ ಫೋಟೋ ಕಳಸಂದ್ಲು. ತಂಗಿ ಹೆಸರಿನ ಕೆಳಗ ಬೆರಳಿಟ್ಟು ತಗದು ಕಳಿಸಿದೆ, ಓದಾಕ ಬರೂದಿಲ್ಲಲ್ಲ.

ಅಕ್ಕಂದು ಇನ್ನೂ ಉಳದೈತಿ. ಆಕಿ ನೂರು ರೂಪಾಯಿ ಬಾಂಡಿನ ಮ್ಯಾಲ ಸಹಿ ಮಾಡಿ ಕೊಟ್ಟಾಳ. ಜಮೀನಿನ ಹಕ್ಕು ಬಿಡೂದು 1908ರ ನೋಂದಣಿ ಕಾಯ್ದೆ ಪ್ರಕಾರ ರಜಿಸ್ಟರ್ ಆಗಬೇಕು, ಆ ಬಾಂಡಿನಿಂದ ಹಕ್ಕು ಹೋಗೂದಿಲ್ಲ, ಆದ್ರೂ ಕಾಗದ ವಾಪಸ ತಗೊಳ್ರಿ ಅಂತ ವಕೀಲಬಾಯಿ ಹೇಳ್ಯಾರ. ನಿನ್ನೆ ಅಕ್ಕ ಫೋನ್ ಮಾಡಿ, “ನಾ ಬಿಟ್ಟು ಕೊಡಾಕೂ ತಯಾರ ಅದೀನಿ, ಆದ್ರ ಏನ ಬಿಟ್ಟೀನಿ ಅಂತ ಒಮ್ಮೆ ಓದಿ ಹೇಳು” ಅಂದ್ಲು. ಸೋಮವಾರ ಹುಕ್ಕೇರಿಗೆ ಹೊಂಟೀನಿ. ಕಾಗದ ಅಣ್ಣನ ಹತ್ರ ಐತಿ, ಅವನೂ ಬರತೀನಿ ಅಂದಾನ.