ಮೊದಲು ಲೆಕ್ಕ, ಆಮೇಲೆ ಮನುಷ್ಯ

ಊಟಿಯಲ್ಲಿ ನಮ್ಮ ಉಪ್ಪನದ್ದು ದಿನಸಿ ಅಂಗಡಿ. ಮಂಗಳೂರಿನಿಂದ ನೆಂಟರು ಬಂದಾಗಲೆಲ್ಲ ಒಂದು ಪ್ರಶ್ನೆ ಖಾಯಂ: "ಇಲ್ಲಿ ಬೇಳೆ ಯಾಕೆ ಬೇಗ ಬೇಯುವುದಿಲ್ಲ?" ಸುಮಾರು 2,240 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 92–93 ಡಿಗ್ರಿಗೇ ಕುದಿಯುತ್ತದೆ, ಆ ಬಿಸಿ ಬೇಳೆಗೆ ಸಾಲದು. ಉಮ್ಮನಿಗೆ ಅದು ತೊಂದರೆ. ಡಿಪ್ಲೊಮಾ ಮುಗಿಸಿ ಗಲ್ಫಿನ ರಿಫೈನರಿಯೊಂದಕ್ಕೆ ಹೋದಾಗ ಅದೇ ಉಪಕಾರವಾಗಿ ಕಂಡಿತು.

ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ ತೆಗೆದ ಮೇಲೆ ಉಳಿಯುವ ದಪ್ಪ ಎಣ್ಣೆಯನ್ನು ಅತಿಯಾಗಿ ಕಾಯಿಸಿದರೆ ಅದು ಒಡೆದು ಕೋಕ್ ಕಟ್ಟುತ್ತದೆ. ಆದ್ದರಿಂದ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ದೊಡ್ಡ ರಿಫೈನರಿಗಳಲ್ಲಿ ಅದನ್ನು ವ್ಯಾಕ್ಯೂಮ್ ಕಾಲಮಿನಲ್ಲಿ ಕಡಿಮೆ ಬಿಸಿಗೇ ಆವಿ ಮಾಡುತ್ತಾರೆ. ಕಾಲಮಿನಿಂದ ಗ್ಯಾಸನ್ನು ಎಳೆಯುವುದು ಎಜೆಕ್ಟರ್. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ನಾಝಲಿನಿಂದ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಹಬೆ ಗ್ಯಾಸನ್ನು ಎಳೆದೊಯ್ಯುತ್ತದೆ. ಮುಂದಿನ ಕಂಡೆನ್ಸರ್ ಹಬೆಯನ್ನು ತಣ್ಣಗೆ ಮಾಡಿ ನೀರಾಗಿಸುತ್ತದೆ, ಉಳಿದ ಗ್ಯಾಸು ಎರಡನೇ ಎಜೆಕ್ಟರಿಗೆ ಹೋಗುತ್ತದೆ.

ಒಂದು ಬೇಸಿಗೆಯಲ್ಲಿ ನಮ್ಮ ಘಟಕದ ವ್ಯಾಕ್ಯೂಮ್ ಕೆಟ್ಟಿತು. ಎಲ್ಲರೂ ಮೊದಲ ಎಜೆಕ್ಟರನ್ನೇ ದೂರಿದರು. ಅದರ ನಾಝಲ್ ಜೋಡಿಸಿದವನು ನಾನು. ಕೆಲಸ ಹೋಗುವ ಮಾತು ಬಂತು. ಊರಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು.

ಆ ರಾತ್ರಿ ಉಪ್ಪ ನೆನಪಾದರು. ಗಲ್ಲಾದಲ್ಲಿ ಹಣ ಕಡಿಮೆ ಬಂದರೆ ಅವರು ಕೆಲಸದ ಹುಡುಗನ ಮುಖ ನೋಡುತ್ತಿರಲಿಲ್ಲ. ಸಾಲದ ಪುಸ್ತಕ, ಸರಕಿನ ಬಿಲ್ಲು, ತಕ್ಕಡಿ ಒಂದೊಂದಾಗಿ ನೋಡುತ್ತಿದ್ದರು. "ಮೊದಲು ಲೆಕ್ಕ, ಆಮೇಲೆ ಮನುಷ್ಯ" ಎನ್ನುತ್ತಿದ್ದರು.

ಬಿಚ್ಚುವ ಮೊದಲು ಅಳೆಯೋಣ ಎಂದು ಕೇಳಿಕೊಂಡೆ. ಸಾಮಾನ್ಯ ಗೇಜ್ ಹೊರಗಿನ ಗಾಳಿಗೆ ಹೋಲಿಸಿ ಹೇಳುತ್ತದೆ, ಊಟಿಯಲ್ಲೊಂದು, ಮಂಗಳೂರಲ್ಲೊಂದು ಲೆಕ್ಕ. ಆದ್ದರಿಂದ ಪೂರ್ಣ ಒತ್ತಡ ತೋರಿಸುವ ಒಂದೇ ಗೇಜಿನಿಂದ ಎಲ್ಲ ಹಂತಗಳನ್ನೂ ಹಗಲು ರಾತ್ರಿ ಅಳೆದೆವು. ಹಬೆಯ ಒತ್ತಡ ಸರಿಯಿತ್ತು, ಹಬೆಯಲ್ಲಿ ನೀರಿರಲಿಲ್ಲ. ಆದರೆ ಮೊದಲ ಎಜೆಕ್ಟರಿನ ಹೊರಬಾಯಿಯ ಒತ್ತಡ ಮಧ್ಯಾಹ್ನ ಏರಿ, ರಾತ್ರಿ ಇಳಿಯುತ್ತಿತ್ತು. ನಾಝಲ್ ಸವೆದಿದ್ದರೆ ರಾತ್ರಿಯೂ ಹಾಗೇ ಇರಬೇಕಿತ್ತು. ಹಗಲು ಬಿಸಿಯಾಗುವುದು ಕಂಡೆನ್ಸರಿಗೆ ಬರುವ ನೀರು.

ಕಂಡೆನ್ಸರ್ ಬಿಚ್ಚಿದಾಗ ಕೊಳವೆಗಳ ತುಂಬ ಕೆಸರು, ಸುಣ್ಣದ ಪದರ. ಹಬೆ ಪೂರ್ತಿ ನೀರಾಗದೆ ಹಿಂದಕ್ಕೆ ಒತ್ತುತ್ತಿತ್ತು. ತೊಳೆದ ಮೇಲೆ ವ್ಯಾಕ್ಯೂಮ್ ಮರಳಿತು. ನನ್ನ ನಾಝಲನ್ನು ಯಾರೂ ಮುಟ್ಟಲಿಲ್ಲ.

ಈಗ ನಾನು ಗೂಡಲೂರಿನಲ್ಲಿ ಚಹಾ ಫ್ಯಾಕ್ಟರಿಗಳ ಯಂತ್ರ ರಿಪೇರಿ ಮಾಡುತ್ತೇನೆ. ಜೊತೆಗೆ ಇಬ್ಬರು ಹುಡುಗರಿದ್ದಾರೆ. ಏನಾದರೂ ಕೆಟ್ಟರೆ, ಯಾರು ಮಾಡಿದ್ದು ಎಂದು ಕೇಳುವ ಮೊದಲು ಗೇಜ್ ತರಲು ಹೇಳುತ್ತೇನೆ.