ಕೈಗುಣವಲ್ಲ, ಮಣ್ಣಿನ ಗುಣ

ಏಪ್ರಿಲ್‌ನಲ್ಲಿ ನಮ್ಮ ಪಾಮನಕಲ್ಲೂರಿಗೆ ಬಂದವರು ಹಿತ್ತಲಿನ ಎರೆಮಣ್ಣನ್ನು ಒಮ್ಮೆ ನೋಡಬೇಕು. ಮಗುವಿನ ಕೈ ಹಿಡಿಯುವಷ್ಟು ಅಗಲದ ಬಿರುಕುಗಳು. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯೇ ನಮ್ಮ ತಾಲ್ಲೂಕು ಕೇಂದ್ರ. ಅತ್ತ ಸಿಂಧನೂರಿನ ಕಡೆ ತುಂಗಭದ್ರಾ ಕಾಲುವೆಯ ಹಸಿರು. ಇತ್ತ ನಮ್ಮಲ್ಲಿ 5ಎ ಕಾಲುವೆಗಾಗಿ ರೈತರು 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಇಂಥ ಊರಿನಲ್ಲಿ ಹೂವಿನ ಗಿಡ ಸಾಕುವುದೆಂದರೆ ಬಚ್ಚಲ ನೀರನ್ನೂ ಲೆಕ್ಕ ಹಾಕಿ ಹರಿಸುವುದು.

ಆ ಹಿತ್ತಲಿನಲ್ಲಿ ಒಂದು ಗಿಡ ಸತ್ತಿತು. ಈ ಪ್ರವಾಸ ಕಥನ ಶುರುವಾಗುವುದೇ ಅಲ್ಲಿಂದ.

ಅಣ್ಣನ ಮಗಳು ಆಗ ಎಂಟನೇ ತರಗತಿ. ದಸರೆ ರಜೆಗೆಂದು ಮೈಸೂರಿನ ನಮ್ಮ ಮನೆಗೆ ಬಂದವಳನ್ನು ಊಟಿಗೆ ಕರೆದೊಯ್ದಿದ್ದೆ. ಅಲ್ಲಿ ನೀಲಿ ಹೂಗೊಂಚಲಿನ ಹೈಡ್ರೇಂಜಿಯ ಕಂಡು ಮನಸೋತಳು. ಹಟ ಮಾಡಿ ಒಂದು ಕುಂಡ ಕೊಂಡು, ಊರಿನವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದಳು. ಗಿಡ ಹಿತ್ತಲಿಗೆ ಇಳಿಯಿತು. ಸಂಕ್ರಾಂತಿಗೆ ಎಲೆ ಹಳದಿಯಾಯಿತು, ಶಿವರಾತ್ರಿಗೆ ಅಂಚು ಸುಟ್ಟಿತು, ಯುಗಾದಿಗೆ ಕಡ್ಡಿ ಉಳಿಯಿತು.

‘ಆ ಹುಡುಗಿ ಕೈಗುಣ ಚಲೋ ಇಲ್ಲ, ಇನ್ನ ಗಿಡ ಮುಟ್ಟಬ್ಯಾಡ’ ಎಂದು ಮನೆಗೆ ಬಂದ ಯಾರೋ ಅಂದರು. ಹಿರಿಯರು ನಕ್ಕು ಮರೆತರು. ಹುಡುಗಿ ಮರೆಯಲಿಲ್ಲ. ಅಜ್ಜಿ ನೆಟ್ಟ ಬದನೆ, ಹೀರೆಗೂ ನೀರು ಹಾಕುವುದನ್ನು ನಿಲ್ಲಿಸಿದಳೆಂದು ಅಣ್ಣ ಫೋನಿನಲ್ಲಿ ಹೇಳಿದಾಗ ನನಗೆ ಕಸಿವಿಸಿಯಾಯಿತು. ಆ ಗಿಡ ಕೊಡಿಸಿದವನು ನಾನೇ ತಾನೆ!

ಡಿಸೆಂಬರ್ ಕೊನೆಯಲ್ಲಿ ಇಬ್ಬರೂ ಮತ್ತೆ ಬೆಟ್ಟ ಹತ್ತಿದೆವು. ಈ ಸಲ ನೋಡಲು ಹೊರಟಿದ್ದು ಮನೆಯ ಹಿತ್ತಲುಗಳನ್ನು.

ಹಟ್ಟಿಯ ಅಜ್ಜಿ

ಗುಂಡ್ಲುಪೇಟೆ, ಬಂಡೀಪುರ ದಾಟಿ ಬಸ್ಸು ತಿರುವುಗಳಲ್ಲಿ ಏರತೊಡಗಿದಾಗ ಹುಡುಗಿಗೊಂದು ಲೆಕ್ಕ ಕೊಟ್ಟೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಊಟಿ ಸುಮಾರು 2,240. ಬೆರಳು ಮಡಿಸಿ, ‘ಹನ್ನೆರಡು ಡಿಗ್ರಿ!’ ಅಂದಳು. ಬಸ್ಸಿನ ಕಿಟಕಿ ಮುಚ್ಚಿಸಿದ್ದೂ ಅವಳೇ.

ನಾವು ತಂಗಿದ್ದು ಪರಿಚಿತರೊಬ್ಬರ ಹಟ್ಟಿಯಲ್ಲಿ. ನೀಲಗಿರಿಯ ಬಡಗರು ತಮ್ಮ ಊರುಗಳನ್ನು ಹಟ್ಟಿ ಎನ್ನುತ್ತಾರೆ. ಬಡಗ ಎಂದರೆ ಬಡಗಣ ದಿಕ್ಕಿನಿಂದ ಬಂದವರು. ಮೈಸೂರು ಸೀಮೆಯಿಂದ ಬಂದ ಜನವೆಂದು ಹೇಳಿಕೆ. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಎದುರಿಗೆ ನಿಂತ ಗಿರಿಯ ಹೆಸರೇ ದೊಡ್ಡಬೆಟ್ಟ. ಮನೆಯ ಅಜ್ಜಿ ಮತ್ತು ನಮ್ಮ ಹುಡುಗಿ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಐದೇ ನಿಮಿಷದಲ್ಲಿ ಒಂದಾದರು.

ಮನೆಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಸಣ್ಣ ತೋಟ. ಗಜ್ಜರಿ, ಬೀಟ್‌ರೂಟ್, ಬೆಳ್ಳುಳ್ಳಿ, ಕೋಸು. ಬೇಲಿಗೆ ಹಬ್ಬಿದ ಬಟಾಣಿ. ಹಳೆಯ ಎಣ್ಣೆ ಡಬ್ಬಿಗಳಲ್ಲಿ ಕೆಂಪು ಜರೇನಿಯಂ. ಸಂಜೆಯಾಗುತ್ತಲೇ ಅಜ್ಜಿ ಒಣ ಜರಿಗಿಡದ ಸೊಪ್ಪನ್ನು ಎಳೆಯ ಸಸಿಗಳ ಮೇಲೆ ಹೊದಿಸಿದರು, ಮಕ್ಕಳಿಗೆ ಕಂಬಳಿ ಹೊದಿಸಿದಂತೆ. ಅತಿ ಕೆಳಗಿನ ಮೆಟ್ಟಿಲನ್ನು ಮಾತ್ರ ಖಾಲಿ ಬಿಟ್ಟಿದ್ದರು. ಯಾಕೆಂದು ಮರುದಿನ ಮುಂಜಾನೆ ತಿಳಿಯಿತು. ಮೇಲಿನ ಹುಲ್ಲಿನ ಮೇಲೆ ಬರೀ ಇಬ್ಬನಿ. ಕೆಳಗಿನ ತಗ್ಗಿನಲ್ಲಿ ಉಪ್ಪು ಚೆಲ್ಲಿದಂತೆ ಬಿಳಿಯ ಹಿಮ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಪಠ್ಯದ ಈ ಪಾಠ ಹುಡುಗಿಗೆ ಬರಿಗಾಲಿನಲ್ಲಿ ಮನದಟ್ಟಾಯಿತು.

ಹಿತ್ತಲಿನ ಮೂಲೆಯಲ್ಲಿ ಕರಕಲಾದ ಒಂದು ಕಡ್ಡಿ ನಿಂತಿತ್ತು. ‘ಇದೇನಜ್ಜಿ?’ ಎಂದಳು. ನುಗ್ಗೆ! ಅಜ್ಜಿಗೆ ನುಗ್ಗೆಕಾಯಿ ಸಾರೆಂದರೆ ಪ್ರಾಣ. ಬಯಲು ಸೀಮೆಯಿಂದ ಮೂರು ಸಲ ಸಸಿ ತರಿಸಿ ನೆಟ್ಟರಂತೆ, ಮೂರನ್ನೂ ಹಿಮ ಸುಟ್ಟಿತಂತೆ. ‘ಅದಕ್ಕೆ ಚಳಿ ಆಗದು, ನಾನೇನು ಮಾಡಲಿ?’ ಎಂದು ಅಜ್ಜಿ ಬಾಯಿತುಂಬ ನಕ್ಕರು.

ಹುಡುಗಿ ನಗಲಿಲ್ಲ. ಆ ಕಡ್ಡಿಯನ್ನೇ ನೋಡುತ್ತ ನಿಂತಳು. ನಮ್ಮೂರಿನಲ್ಲಿ ಬೇಲಿಗೆ ಕೊಂಬೆ ಚುಚ್ಚಿದರೂ ನುಗ್ಗೆ ಚಿಗುರುತ್ತದೆ. ಇಷ್ಟು ಚಂದದ ತೋಟ ಮಾಡಿದ ಕೈಯಲ್ಲಿ ಅದು ಮೂರು ಸಲ ಸತ್ತಿದೆ! ‘ಹಂಗಾರ ಕೈಗುಣ ಅಲ್ಲನು, ಕಾಕಾ?’ ಎಂದು ಮೆಲ್ಲನೆ ಕೇಳಿದಳು.

ನೀಲಿ ಹೂವಿನ ಗುಟ್ಟು

ಮಧ್ಯಾಹ್ನ ಸಸ್ಯೋದ್ಯಾನದಲ್ಲಿ ಕೂತು ಉಳಿದದ್ದನ್ನು ಹೇಳಿದೆ. ಹೈಡ್ರೇಂಜಿಯದ ನೀಲಿ ಬಣ್ಣ ಮಣ್ಣಿನ ಕೊಡುಗೆ. ಬೆಟ್ಟದ ಮಳೆ ಸುಣ್ಣದ ಅಂಶವನ್ನು ತೊಳೆದು ಮಣ್ಣನ್ನು ಹುಳಿಯಾಗಿಸುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಕ್ಕರೆ ಹೂವು ನೀಲಿ, ಸಿಗದಿದ್ದರೆ ಗುಲಾಬಿ. ನಮ್ಮ ಎರೆಮಣ್ಣು ಕ್ಷಾರ. ಅಗೆದರೆ ಸುಣ್ಣದ ಹರಳು ಸಿಗುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಈ ಗಿಡಕ್ಕೆ ದಕ್ಕದು. ಎಲೆ ಹಳದಿಯಾದದ್ದು ಅದಕ್ಕೆ. ಉಳಿದದ್ದನ್ನು ಬಿಸಿಲು ಮುಗಿಸಿತು.

ಹಾಗಾದರೆ ಹೊರಗಿನ ಗಿಡ ಎಲ್ಲಿಯೂ ಬದುಕುವುದಿಲ್ಲವೆ? ಊಟಿಯ ಆಲೂಗಡ್ಡೆಯೇ ಪರದೇಶಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಅದನ್ನು ಇಲ್ಲಿ 1820ರ ದಶಕದಲ್ಲಿ ಬೆಳೆಸಿದವರು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್. ಬೆಟ್ಟದಿಂದ ಬೆಟ್ಟಕ್ಕೆ ಬಂದದ್ದರಿಂದ ಒಗ್ಗಿತು. ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಹಗಲು ತಯಾರಿಸಿದ ಆಹಾರವನ್ನು ಗಿಡ ರಾತ್ರಿ ಹೆಚ್ಚು ಖರ್ಚು ಮಾಡದೆ ಕೂಡಿಡುತ್ತದೆ. ಬೆಟ್ಟದ ಗಜ್ಜರಿಯ ಸಿಹಿಗೂ ಇದೇ ಕಾರಣ.

ಬೆಟ್ಟದ ಗಿಡ ನಮ್ಮೂರಿಗೆ ಬಾರದಿರಬಹುದು, ಬೆಟ್ಟದ ಜಾಣ್ಮೆ ಬರುತ್ತದೆ. ಅಜ್ಜಿ ಚಳಿಗೆ ಹೊದಿಸಿದ ಸೊಪ್ಪಿನ ಬದಲು ನಾವು ಬಿಸಿಲಿಗೆ ಜೋಳದ ದಂಟು, ಶೇಂಗಾ ಸಿಪ್ಪೆ ಹೊದಿಸಬಹುದು. ಬುಡದ ತೇವ ಆರುವುದಿಲ್ಲ. ಎರಡು ಕೊಡ ನೀರಿನ ಕಡೆ ಒಂದು ಕೊಡ ಸಾಕಾದೀತು.

ಹುಡುಗಿ ಈಗ ಹತ್ತನೇ ತರಗತಿ. ಕಳೆದ ಚಳಿಗಾಲದಲ್ಲಿ ಎರೆಮಣ್ಣಿಗೆ ಮರಳು, ಗೊಬ್ಬರ ಕಲಸಿ ಗಜ್ಜರಿ ಬಿತ್ತಿದ್ದಳು. ಬೆರಳುದ್ದದವು, ಕವಲೊಡೆದವು, ಆದರೂ ಗಜ್ಜರಿ! ಅಮ್ಮ ಅವನ್ನು ತುರಿದು ಕೋಸಂಬರಿ ಮಾಡಿದರು. ಕೈಗುಣದ ಮಾತನ್ನು ಯಾರೂ ಎತ್ತಲಿಲ್ಲ. ಮಕ್ಕಳ ಕೈಯಲ್ಲಿ ಗಿಡವೊಂದು ಸತ್ತಾಗ ನಾವು ಹಿರಿಯರು ಮೊದಲು ಮಣ್ಣನ್ನು, ಬಿಸಿಲನ್ನು ವಿಚಾರಿಸುವುದು ಒಳಿತು.

ಮೊನ್ನೆ ನಾನು ಊರಿನಿಂದ ಹೊರಡುವಾಗ ಹುಡುಗಿ ಒಂದು ಉದ್ದನೆಯ ಕಟ್ಟು ತಂದು ಬ್ಯಾಗಿಗೆ ಸೇರಿಸಿದಳು. ನುಗ್ಗೆಕಾಯಿ. ‘ಬೆಟ್ಟದ ಅಜ್ಜಿಗೆ ಮುಟ್ಟಿಸ್ರಿ’ ಅಂದಳು.

ಹೋಗುವವರಿಗೆ: ಮೈಸೂರಿನಿಂದ ಊಟಿಗೆ ಬಸ್ಸುಗಳಿವೆ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಸ್ವಂತ ವಾಹನದವರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. 1848ರಲ್ಲಿ ರೂಪುಗೊಂಡ ಸಸ್ಯೋದ್ಯಾನದ ಜೊತೆಗೆ, ಫರ್ನ್‌ಹಿಲ್‌ನಲ್ಲಿ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯ 38 ಎಕರೆಯ ಉದ್ಯಾನವೂ ಇದೆ. ಹಿಮ ನೋಡಬೇಕೆಂದರೆ ಡಿಸೆಂಬರ್, ಜನವರಿಯ ಮುಂಜಾವು. ಮಕ್ಕಳಿಗೆ ಉಣ್ಣೆಯ ಟೊಪ್ಪಿಗೆ ಮರೆಯಬೇಡಿ.